ಟಿಪ್ಪುವಿನ ಸೋದರಳಿಯ ಮತ್ತು ಬೆಳ್ಳಿತೆರೆ: ಜೂಲ್ಸ್ ವರ್ನನ ನೆಮೊ ಪಾತ್ರದ ಚಲನಚಿತ್ರ ರೂಪಾಂತರಗಳು

1. ಪೀಠಿಕೆ

ಕಾದಂಬರಿಯೊಂದು ಚಲನಚಿತ್ರವಾದಾಗ ಅದರ ಓದುಗರಿಗೆ ಆಗುವ ನಿರಾಶೆ ಹೊಸದಲ್ಲ. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲರು 1972ರಲ್ಲಿ ನಿರ್ದೇಶಿಸಿದ 'ನಾಗರಹಾವು' ಅಪಾರ ಜನಪ್ರಿಯತೆಯನ್ನು ಗಳಿಸಿತು. ಆದರೆ ಮೂಲ ಲೇಖಕರು ಅದನ್ನು ನಾಗರಹಾವಲ್ಲ, ಕೇರೆಹಾವು ಎಂದು ಕರೆದರೆಂಬ ಪ್ರಸಂಗ ಕನ್ನಡ ಸಾಹಿತ್ಯವಲಯದಲ್ಲಿ ಪ್ರಸಿದ್ಧವಾಗಿದೆ. ಹಾಸ್ಯದ ಮಾತಿನಂತೆ ಕಾಣುವ ಈ ಹೇಳಿಕೆಯಲ್ಲಿ ಒಂದು ವಿಮರ್ಶಾತತ್ತ್ವ ಅಡಗಿದೆ. ಹಾವಿನ ಆಕಾರ, ಚಲನೆ, ಹೊಳಪು ಎಲ್ಲವೂ ತೆರೆಯ ಮೇಲೆ ಉಳಿದಿರಬಹುದು. ಹಾವನ್ನು ನಾಗರಹಾವಾಗಿಸುವ ವಿಷ ಮಾತ್ರ ಇಲ್ಲವಾಗಿರಬಹುದು. ರೂಪಾಂತರದ ಸೋಲನ್ನು ಬಿಟ್ಟುಹೋದ ಘಟನೆಗಳ ಲೆಕ್ಕದಿಂದ ಅಳೆಯುವುದಕ್ಕಿಂತ, ಕೃತಿಗೆ ಕಸುವು ನೀಡಿದ ಕಾರಣವೇ ಕಳೆದುಹೋಗಿದೆಯೇ ಎಂದು ಕೇಳುವುದು ಹೆಚ್ಚು ಉಚಿತವೆಂಬುದನ್ನು ಈ ಮಾತು ಸೂಚಿಸುತ್ತದೆ.

ಸಾಹಸ ಕಾದಂಬರಿಗಳ ವಿಷಯದಲ್ಲಿ ಈ ಪ್ರಶ್ನೆ ಇನ್ನಷ್ಟು ಮುಖ್ಯವಾಗುತ್ತದೆ. ಸಮುದ್ರಯಾನ, ದ್ವೀಪವಾಸ, ಜ್ವಾಲಾಮುಖಿ, ಕಾಳಗ ಇವೆಲ್ಲ ಕ್ಯಾಮರಾಕ್ಕೆ ಸುಲಭವಾಗಿ ಒದಗುವ ಸಾಮಗ್ರಿ. ಆದುದರಿಂದ ಸಾಹಸ ಕಾದಂಬರಿಯು ಸಿನಿಮಾಕ್ಕೆ ಸಹಜವಾಗಿ ಒಗ್ಗುತ್ತದೆ ಎಂಬ ನಂಬಿಕೆ ಬೆಳೆದಿದೆ. ವಾಸ್ತವದಲ್ಲಿ ಈ ಪ್ರಕಾರದಲ್ಲಿಯೇ ನಿರಾಶೆ ಹೆಚ್ಚು. ಫ್ರೆಂಚ್ ಲೇಖಕ ಜೂಲ್ಸ್ ವರ್ನನ ನೆಮೊ ಪಾತ್ರವು ಒಂದು ಶತಮಾನಕ್ಕೂ ಮಿಕ್ಕ ಅವಧಿಯಲ್ಲಿ ತೆರೆಯ ಮೇಲೆ ಪಡೆದ ರೂಪಗಳನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಈ ಪಾತ್ರದ ಆಯ್ಕೆಗೆ ಒಂದು ವಿಶೇಷ ಕಾರಣವಿದೆ. ವರ್ನನ ಪ್ರಕಾರ ನೆಮೊ ಭಾರತೀಯ. ಅಷ್ಟೇ ಅಲ್ಲ, ಅವನು ಟಿಪ್ಪು ಸುಲ್ತಾನನ ಬಂಧು.

2. ಕಾದಂಬರಿಗಳಲ್ಲಿ ನೆಮೊ

ನೆಮೊ ಮೊದಲು ಕಾಣಿಸಿಕೊಳ್ಳುವುದು 1869-70ರಲ್ಲಿ ಪ್ರಕಟವಾದ 'ಸಾಗರದಡಿಯಲ್ಲಿ ಇಪ್ಪತ್ತು ಸಾವಿರ ಲೀಗ್' ಕಾದಂಬರಿಯಲ್ಲಿ. 'ನಾಟಿಲಸ್' ಎಂಬ ಜಲಾಂತರ್ಗಾಮಿ ನೌಕೆಯ ಒಡೆಯನಾದ ಅವನಿಗೆ ಅಲ್ಲಿ ನಾಡಿಲ್ಲ, ಕುಲವಿಲ್ಲ. ನೆಮೊ ಎಂಬ ಲ್ಯಾಟಿನ್ ಪದದ ಅರ್ಥವೇ 'ಯಾರೂ ಅಲ್ಲ' ಎಂದು. ಆದರೂ ಕಾದಂಬರಿಯು ಸುಳಿವುಗಳನ್ನು ಬಿಟ್ಟುಕೊಡುತ್ತದೆ. ಅವನ ಕೋಣೆಯ ಗೋಡೆಯ ಮೇಲೆ ಪೋಲೆಂಡಿನ ಕೊಸ್ಚಿಯುಸ್ಕೊ, ಐರ್ಲೆಂಡಿನ ಓಕಾನೆಲ್, ಅಮೆರಿಕದ ಲಿಂಕನ್ ಮತ್ತು ಜಾನ್ ಬ್ರೌನ್ ಮೊದಲಾದವರ ಚಿತ್ರಗಳಿವೆ. ಸಿಲೋನಿನ ಬಳಿ ಶಾರ್ಕ್ ಮೀನಿನ ಬಾಯಿಂದ ಒಬ್ಬ ಬಡ ಮುತ್ತುಗಾರನನ್ನು ಪಾರುಮಾಡಿ ಅವನ ಕೈಗೆ ಮುತ್ತಿನ ಚೀಲವನ್ನಿಟ್ಟ ನೆಮೊ, ಆ ಭಾರತೀಯನು ಶೋಷಿತರ ನಾಡಿನವನು, ತಾನೂ ಅದೇ ನಾಡಿಗೆ ಸೇರಿದವನು ಎಂಬ ಅರ್ಥದ ಮಾತನ್ನಾಡುತ್ತಾನೆ.

1874-75ರಲ್ಲಿ ಪ್ರಕಟವಾದ 'ರಹಸ್ಯ ದ್ವೀಪ' ಕಾದಂಬರಿಯಲ್ಲಿ ಈ ಒಗಟು ಬಿಡಿಸಿಕೊಳ್ಳುತ್ತದೆ. ಅಮೆರಿಕದ ಅಂತರ್ಯುದ್ಧದ ಕೊನೆಯ ದಿನಗಳಲ್ಲಿ ರಿಚ್ಮಂಡ್ ನಗರದಿಂದ ಬಲೂನಿನಲ್ಲಿ ತಪ್ಪಿಸಿಕೊಂಡ ಐವರು ಶಾಂತಸಾಗರದ ನಿರ್ಜನ ದ್ವೀಪವನ್ನು ಸೇರುತ್ತಾರೆ. ಅವರಿಗೆ ಅಗೋಚರವಾಗಿ ನೆರವಾಗುತ್ತಿದ್ದವನು ಮುದುಕನಾದ ನೆಮೊ. ಸಾಯುವ ಮುನ್ನ ಅವನು ತನ್ನ ಕಥೆಯನ್ನು ಹೇಳುತ್ತಾನೆ. ಅವನ ನಿಜವಾದ ಹೆಸರು ದಕ್ಕಾರ್; ಬುಂದೇಲಖಂಡದ ರಾಜನ ಮಗ; ಟಿಪ್ಪುವಿನ ಬಂಧು. ಹತ್ತನೆಯ ವಯಸ್ಸಿನಿಂದ ಮೂವತ್ತರವರೆಗೆ ಯುರೋಪಿನಲ್ಲಿ ವಿದ್ಯೆ ಕಲಿತು 1849ರಲ್ಲಿ ತಾಯ್ನಾಡಿಗೆ ಮರಳಿದ ಅವನು 1857ರ ದಂಗೆಯಲ್ಲಿ ಮುಂದಾಳಾಗಿ ಹೋರಾಡಿದನು. ದಂಗೆ ಸೋತಿತು, ಅವನ ತಂದೆತಾಯಿ, ಹೆಂಡತಿ, ಮಕ್ಕಳು ಹತರಾದರು, ಅವನ ತಲೆಗೆ ಬೆಲೆ ಕಟ್ಟಲಾಯಿತು. ಬಳಿಕ ಅವನು ಇಪ್ಪತ್ತು ಜನ ನಿಷ್ಠಾವಂತರೊಡನೆ ಸಮುದ್ರವನ್ನು ಸೇರಿದನು. ಹಿಂದಿನ ಕಾದಂಬರಿಯಲ್ಲಿ ನಿಗೂಢವಾಗಿದ್ದ ಸಿಟ್ಟಿಗೆ ಇಲ್ಲಿ ಊರು, ವರ್ಷ ಮತ್ತು ಎದುರಾಳಿ ದೊರೆಯುತ್ತವೆ.

ಈ ಭಾರತೀಯತೆಯು ಲೇಖಕನ ಮೊದಲ ಸಂಕಲ್ಪವಾಗಿರಲಿಲ್ಲ ಎಂಬುದನ್ನೂ ಗಮನಿಸಬೇಕು. ವರ್ನನು ನೆಮೊನನ್ನು ರಷ್ಯದ ದಬ್ಬಾಳಿಕೆಗೆ ತುತ್ತಾದ ಪೋಲೆಂಡಿನ ಕುಲೀನನೆಂದು ಕಲ್ಪಿಸಿದ್ದನು. 1863ರ ಪೋಲಿಷ್ ದಂಗೆಯ ನೆನಪು ಆಗ ಹಸಿಯಾಗಿತ್ತು. ರಷ್ಯದಲ್ಲಿ ಪುಸ್ತಕದ ಮಾರಾಟಕ್ಕೆ ತೊಂದರೆಯಾದೀತೆಂದು ಪ್ರಕಾಶಕ ಹೆಟ್ಜೆಲ್ ಇದನ್ನು ಒಪ್ಪಲಿಲ್ಲ. ಹೀಗಾಗಿ ಮೊದಲ ಕಾದಂಬರಿಯಲ್ಲಿ ನೆಮೊ ನಾಡಿಲ್ಲದವನಾದನು, ಎರಡನೆಯದರಲ್ಲಿ ಭಾರತೀಯನಾದನು. ಮಾರುಕಟ್ಟೆಯ ಒತ್ತಡವು ಪಾತ್ರದ ಗುರುತನ್ನು ಬದಲಿಸುವ ಕೆಲಸವನ್ನು ಸಿನಿಮಾ ಆರಂಭಿಸಲಿಲ್ಲ, ಮುದ್ರಣೋದ್ಯಮವೇ ಆರಂಭಿಸಿತ್ತು. ಆದರೂ ಒಂದು ವ್ಯತ್ಯಾಸವಿದೆ. ಪೋಲೆಂಡಿನಿಂದ ಭಾರತಕ್ಕೆ ಬಂದಾಗ ಸಿಟ್ಟಿನ ವಿಳಾಸ ಬದಲಾಯಿತೇ ಹೊರತು ಅದರ ಸ್ವರೂಪ ಬದಲಾಗಲಿಲ್ಲ. ಅದು ಸಾಮ್ರಾಜ್ಯದ ವಿರುದ್ಧ ಸೋತವನ ಸಿಟ್ಟಾಗಿಯೇ ಉಳಿಯಿತು.

3. 'ಸೋದರಳಿಯ' ಎಂಬ ಪದ ಮತ್ತು ಸವಣೂರು

ವರ್ನನು ಬಳಸುವ ಫ್ರೆಂಚ್ ಪದವು ಸಹೋದರನ ಮಗ, ಸಹೋದರಿಯ ಮಗ ಎರಡಕ್ಕೂ ಸಲ್ಲುತ್ತದೆ. ಕನ್ನಡದಲ್ಲಿ ಈ ಅಸ್ಪಷ್ಟತೆಗೆ ಅವಕಾಶವಿಲ್ಲ. ಅಣ್ಣತಮ್ಮಂದಿರ ಮಗ ಮಗನೇ ಆಗುತ್ತಾನೆ. ಅಕ್ಕತಂಗಿಯರ ಮಗ ಅಳಿಯನಾಗುತ್ತಾನೆ. ನೆಮೊನ ತಂದೆ ಬುಂದೇಲಖಂಡದ ರಾಜನಾದುದರಿಂದ, ಮೈಸೂರಿನ ಸಂಬಂಧವು ತಾಯಿಯ ಕಡೆಯಿಂದ ಬಂದಿರಬೇಕೆಂದು ಊಹಿಸುವುದು ಸಹಜ. ಆಗ ಕನ್ನಡದ ಅನುವಾದಕನಿಗೆ ಒದಗುವ ಪದ 'ಸೋದರಳಿಯ'. ಮೂಲದಲ್ಲಿ ಒಂದು ವಿಶೇಷಣವಾಗಿ ತೇಲಿಹೋಗುವ ಮಾತು ಕನ್ನಡಕ್ಕೆ ಬಂದೊಡನೆ ಒಂದು ಮದುವೆಯನ್ನು, ಒಂದು ಬೀಗತನವನ್ನು ಬೇಡುತ್ತದೆ.

ಅಂತಹ ಬೀಗತನವೊಂದು ಚರಿತ್ರೆಯಲ್ಲಿ ನಡೆದದ್ದು ಬುಂದೇಲಖಂಡದಲ್ಲಲ್ಲ, ಇಂದಿನ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ಸೀಮೆಯು 18ನೆಯ ಶತಮಾನದ ಉತ್ತರಾರ್ಧದಲ್ಲಿ ಮೈಸೂರು ಮತ್ತು ಮರಾಠಾ ಶಕ್ತಿಗಳ ಪೈಪೋಟಿಯ ನೆಲವಾಗಿತ್ತು. ಶಿಗ್ಗಾಂವಿ ತಾಲೂಕಿನ ಬಂಕಾಪುರದ ಕೋಟೆಯೂ ಸವಣೂರಿನ ನವಾಬರ ಮನೆತನವೂ ಈ ಪೈಪೋಟಿಯ ನಡುವೆ ಸಿಲುಕಿದ್ದವು. ಹೈದರಾಲಿಯು ನವಾಬ ಅಬ್ದುಲ್ ಹಕೀಮ್ ಖಾನನೊಡನೆ 1779ರಲ್ಲಿ ಕೊಡುಕೊಳ್ಳುವ ಸಂಬಂಧವನ್ನು ಬೆಳೆಸಿದನು. ಹೈದರನ ಮಗಳು ಸವಣೂರಿನ ಸೊಸೆಯಾದಳು. ನವಾಬನ ಮಗಳು ಹೈದರನ ಕಿರಿಯ ಮಗ ಕರೀಮನ ಹೆಂಡತಿಯಾದಳು. ಸವಣೂರಿನ ಅರಮನೆಗೆ ಹೋದ ಹೆಣ್ಣು ಟಿಪ್ಪುವಿನ ಸೋದರಿ. ಅವಳಿಗೆ ಹುಟ್ಟುವ ಮಗ ಟಿಪ್ಪುವಿಗೆ ಸೋದರಳಿಯ. ಆದರೆ ಈ ಬೀಗತನ ಹೆಚ್ಚು ಕಾಲ ಬಾಳಲಿಲ್ಲ. 1786ರ ಯುದ್ಧದಲ್ಲಿ ನವಾಬನು ಮರಾಠರ ಪಕ್ಷವನ್ನು ಸೇರಿದಾಗ ಟಿಪ್ಪುವಿನ ಸೇನೆ ಸವಣೂರನ್ನು ವಶಪಡಿಸಿಕೊಂಡಿತು.

ವರ್ನನಿಗೆ ಸವಣೂರು ತಿಳಿದಿತ್ತೆಂದು ವಾದಿಸುವುದು ಇಲ್ಲಿನ ಆಶಯವಲ್ಲ. ಕಾದಂಬರಿಯ ಲೆಕ್ಕದಂತೆ ನೆಮೊ ಹುಟ್ಟಿರಬೇಕಾದುದು 1819ರ ಸುಮಾರಿಗೆ, ಅಂದರೆ ಟಿಪ್ಪು 1799ರಲ್ಲಿ ಮಡಿದು ಇಪ್ಪತ್ತು ವರ್ಷಗಳಾದ ಮೇಲೆ. ಬುಂದೇಲಖಂಡವನ್ನೂ ಶ್ರೀರಂಗಪಟ್ಟಣವನ್ನೂ ಒಂದೇ ಮನೆತನದಲ್ಲಿ ಸೇರಿಸುವ ಈ ಕಲ್ಪನೆಗೆ ಚರಿತ್ರೆಯ ಆಧಾರವಿಲ್ಲ. ವರ್ನನಿಗೆ ಬೇಕಾಗಿದ್ದುದು ವಂಶಾವಳಿಯಲ್ಲ. ಯುರೋಪಿನ ಓದುಗರಿಗೆ ಬ್ರಿಟಿಷ್ ವಿರೋಧದ ಸಂಕೇತವಾಗಿ ಪರಿಚಿತವಾಗಿದ್ದ ಒಂದು ಹೆಸರು. 1799 ಮತ್ತು 1857ರ ಎರಡು ಸೋಲುಗಳನ್ನು ಒಬ್ಬ ವ್ಯಕ್ತಿಯ ರಕ್ತದಲ್ಲಿ ಕೂಡಿಸುವುದು ಅವನ ಕಥನತಂತ್ರ. ಸವಣೂರಿನ ಉದಾಹರಣೆಯು ಈ ತಂತ್ರದ ಮಿತಿಯನ್ನೂ ತೋರಿಸುತ್ತದೆ. ಚರಿತ್ರೆಯಲ್ಲಿ ಟಿಪ್ಪುವಿನ ಬಂಧುವಾಗಿರುವುದೆಂದರೆ ಬ್ರಿಟಿಷರ ವೈರಿಯಾಗಿರುವುದು ಮಾತ್ರವಲ್ಲ, ಕೆಲವೊಮ್ಮೆ ಟಿಪ್ಪುವಿನ ದಾಳಿಗೆ ಗುರಿಯಾಗುವುದೂ ಆಗಿತ್ತು. ಸಾಹಸ ಕಾದಂಬರಿಯು ಚರಿತ್ರೆಯನ್ನು ಸರಳಗೊಳಿಸುತ್ತದೆ, ಆದರೆ ಅಳಿಸಿಹಾಕುವುದಿಲ್ಲ. ಅಳಿಸುವ ಕಾರ್ಯ ಮುಂದೆ ನಡೆಯಿತು.

4. ಅನುವಾದದಲ್ಲಿ ಮೊದಲ ನಷ್ಟ

ನೆಮೊ ತೆರೆಗೆ ಬರುವ ಮುನ್ನವೇ ಇಂಗ್ಲಿಷಿನಲ್ಲಿ ಅವನ ಮಾತು ತಗ್ಗಿತ್ತು. ಮೊದಲ ಕಾದಂಬರಿಯ ಆರಂಭದ ಇಂಗ್ಲಿಷ್ ಅನುವಾದವು ಮೂಲದ ಸುಮಾರು ಕಾಲುಭಾಗವನ್ನು ಕೈಬಿಟ್ಟಿತು. 'ರಹಸ್ಯ ದ್ವೀಪ'ವು 1875ರಲ್ಲಿ ಕಿಂಗ್ಸ್ಟನ್ ಹೆಸರಿನಲ್ಲಿ ಇಂಗ್ಲಿಷಿಗೆ ಬಂದಾಗ ನೆಮೊನ ಭಾರತೀಯ ಪೂರ್ವಕಥೆಯಲ್ಲಿದ್ದ ಬ್ರಿಟಿಷ್ ವಿರೋಧಿ ಧ್ವನಿಯನ್ನು ಬದಲಿಸಲಾಯಿತು. ಯಂತ್ರಶಿಲ್ಪಿ ಸೈರಸ್ ಸ್ಮಿತ್ ಅಲ್ಲಿ ಹಾರ್ಡಿಂಗ್ ಆದನು. ಪರಕೀಯ ಆಳ್ವಿಕೆಯನ್ನು ಕಿತ್ತೆಸೆಯಬಯಸಿದ ವೀರನು ಕಹಿ ಮನಸ್ಸಿನ ಮಹತ್ವಾಕಾಂಕ್ಷಿಯಾಗಿ ತೋರತೊಡಗಿದನು. ಇಂಗ್ಲಿಷ್ ಬಲ್ಲ ಭಾರತೀಯ ಓದುಗರಿಗೂ ಹಾಲಿವುಡ್ಡಿಗೂ ವರ್ನ್ ಬಹುಕಾಲ ಪರಿಚಿತನಾದುದು ಇಂತಹ ಅನುವಾದಗಳ ಮೂಲಕ. ಆದುದರಿಂದ ಚಿತ್ರಗಳ ನ್ಯೂನತೆಯನ್ನು ವಿವೇಚಿಸುವಾಗ ಮೂಲ, ಅನುವಾದ, ಚಿತ್ರ ಎಂಬ ಮೂರು ಹಂತಗಳನ್ನು ಬೇರೆ ಬೇರೆಯಾಗಿ ಪರಿಗಣಿಸುವುದು ಅವಶ್ಯ.

5. ತೆರೆಯ ಮೇಲೆ ನೆಮೊ

5.1. 1916ರ ಮೂಕಿಚಿತ್ರ: ಸ್ಟುವರ್ಟ್ ಪೇಟನ್ ನಿರ್ದೇಶಿಸಿದ ಈ ಚಿತ್ರವು ಎರಡೂ ಕಾದಂಬರಿಗಳನ್ನು ಬೆರೆಸುತ್ತದೆ. ನೀರಿನಡಿಯ ಛಾಯಾಗ್ರಹಣಕ್ಕೆ ಇದು ಹೆಸರಾಗಿದೆ. ಇಲ್ಲಿ ನೆಮೊ ಭಾರತದ ರಾಜಕುಮಾರನಾಗಿಯೇ ಉಳಿದಿದ್ದಾನೆ; ಪಾತ್ರವನ್ನು ವಹಿಸಿದವನು ಮುಖಕ್ಕೆ ಬಣ್ಣ ಬಳಿದುಕೊಂಡ ಅಮೆರಿಕದ ನಟ. ಆದರೆ ಅವನ ಸೇಡಿಗೆ ಕಾರಣ ಬದಲಾಗಿದೆ. ಸಾಮ್ರಾಜ್ಯದ ಸ್ಥಾನದಲ್ಲಿ ಅವನ ಹೆಂಡತಿಯ ಮೇಲೆ ಕಣ್ಣು ಹಾಕಿದ ಒಬ್ಬ ದುಷ್ಟ ವ್ಯಕ್ತಿ ಬಂದಿದ್ದಾನೆ. ಕಳೆದುಹೋದ ಮಗಳು ಮರಳಿ ಸಿಗುತ್ತಾಳೆ. ನಾಡಿನ ಕಥೆ ಮನೆಯ ಕಥೆಯಾಗಿ ಕುಗ್ಗಿದೆ.

5.2. 1929ರ 'ರಹಸ್ಯ ದ್ವೀಪ': ಲಯನೆಲ್ ಬ್ಯಾರಿಮೋರ್ ನಟಿಸಿದ ಈ ಚಿತ್ರದಲ್ಲಿ ದಕ್ಕಾರ್ ಎಂಬ ಹೆಸರು ಉಳಿದಿದೆ, ಭಾರತ ಉಳಿದಿಲ್ಲ. ಅವನು ಹೆಟ್ವಿಯಾ ಎಂಬ ಕಲ್ಪಿತ ರಾಜ್ಯದ ಕೌಂಟ್. ಕಾದಂಬರಿಯಲ್ಲಿಲ್ಲದ ಸಮುದ್ರವಾಸಿ ಜನಾಂಗವೊಂದು ಇಲ್ಲಿ ಪ್ರತ್ಯಕ್ಷವಾಗುತ್ತದೆ. ಹೆಸರು ಮತ್ತು ಚರಿತ್ರೆಯ ನಡುವಿನ ಗಂಟು ಇಲ್ಲಿ ಬಿಚ್ಚಿಹೋಗುತ್ತದೆ.

5.3. 1954ರ ಡಿಸ್ನಿ ಚಿತ್ರ: ರಿಚರ್ಡ್ ಫ್ಲೈಶರ್ ನಿರ್ದೇಶನದ ಈ ಚಿತ್ರವು ಜಗತ್ತಿನಾದ್ಯಂತ ನೆಮೊನ ಮುಖವನ್ನು ಸ್ಥಿರಗೊಳಿಸಿತು. ಕಲಾ ನಿರ್ದೇಶನ ಮತ್ತು ವಿಶೇಷ ಪರಿಣಾಮಗಳಿಗಾಗಿ ಎರಡು ಆಸ್ಕರ್ ಪ್ರಶಸ್ತಿಗಳನ್ನು ಪಡೆದ ಇದನ್ನು ಕಳಪೆ ಚಿತ್ರವೆನ್ನಲಾಗದು. ನಾಟಿಲಸ್ ನೌಕೆಯ ಒಳಾಂಗಣವಾಗಲಿ, ಬೃಹತ್ ಅಷ್ಟಪದಿಯಂತಹ ಪ್ರಾಣಿಯೊಡನೆ ನಡೆಯುವ ಕಾಳಗವಾಗಲಿ ಇಂದಿಗೂ ಪ್ರಭಾವಶಾಲಿಯಾಗಿವೆ. ಜೇಮ್ಸ್ ಮೇಸನ್ನನ ಅಭಿನಯ ಗಂಭೀರವಾಗಿದೆ. ಸಮಸ್ಯೆಯಿರುವುದು ಪೂರ್ವಕಥೆಯಲ್ಲಿ. ಇಲ್ಲಿನ ನೆಮೊ ಒಂದು ದ್ವೀಪದ ಸೆರೆಯಲ್ಲಿದ್ದು ತಪ್ಪಿಸಿಕೊಂಡ ವಿಜ್ಞಾನಿ. ಅವನ ರಹಸ್ಯವನ್ನು ಕಸಿಯಲೆಂದು ಅವನ ಹೆಂಡತಿಮಗುವನ್ನು ಹಿಂಸಿಸಿ ಕೊಂದ ರಾಷ್ಟ್ರವೊಂದಿದೆ, ಅದಕ್ಕೆ ಹೆಸರಿಲ್ಲ. ಕೊನೆಯಲ್ಲಿ ಕಾದಂಬರಿಯ ಸಮುದ್ರಸುಳಿಯ ಬದಲು ಅಣುಬಾಂಬನ್ನು ನೆನಪಿಸುವ ಮಹಾಸ್ಫೋಟ ಬರುತ್ತದೆ. ಶೀತಲಯುದ್ಧದ ಭೀತಿಯನ್ನು ಕಥೆಗೆ ಅನ್ವಯಿಸಿದ ಈ ಜಾಣ್ಮೆಯನ್ನು ಮೆಚ್ಚಬಹುದು. ಆದರೆ ಅದಕ್ಕೆ ತೆತ್ತ ಬೆಲೆಯೆಂದರೆ, ಸೋತ ನಾಡೊಂದರ ಪ್ರಜೆಯಾಗಿದ್ದ ನೆಮೊ ಮನುಕುಲದ ಮೇಲೆ ಮುನಿದ ವಿಜ್ಞಾನಿಯಾದದ್ದು. ಮುತ್ತುಗಾರನ ಪ್ರಸಂಗ ಇಲ್ಲಿಲ್ಲ. ಅದರ ಜಾಗದಲ್ಲಿ ಹಾಡುವ ನಾವಿಕನೂ ಸಾಕಿದ ನೀರುನಾಯಿಯಂತಹ ಸೀಲ್ ಪ್ರಾಣಿಯೂ ಇವೆ.

5.4. 1961ರ 'ರಹಸ್ಯ ದ್ವೀಪ': ಸೈ ಎಂಡ್‌ಫೀಲ್ಡ್ ನಿರ್ದೇಶಿಸಿದ ಈ ಚಿತ್ರದ ಆಕರ್ಷಣೆ ರೇ ಹ್ಯಾರಿಹೌಸೆನ್ ಸೃಷ್ಟಿಸಿದ ದೈತ್ಯ ಏಡಿ, ದೈತ್ಯ ಜೇನ್ನೊಣ ಮೊದಲಾದ ಪ್ರಾಣಿಗಳು. ಕಾದಂಬರಿಯಲ್ಲಿ ಇವು ಯಾವುವೂ ಇಲ್ಲ. ಅಲ್ಲಿನ ರೋಮಾಂಚನವಿರುವುದು ದುಡಿಮೆಯಲ್ಲಿ. ಎರಡು ಕೈಗಡಿಯಾರಗಳ ಗಾಜುಗಳ ನಡುವೆ ನೀರು ತುಂಬಿ ಮಸೂರ ಮಾಡಿ ಬೆಂಕಿ ಹೊತ್ತಿಸುವುದು, ಇಟ್ಟಿಗೆ ಸುಡುವುದು, ಅದಿರಿನಿಂದ ಕಬ್ಬಿಣ ತೆಗೆಯುವುದು, ಕೊನೆಗೆ ತಂತಿಸಂಪರ್ಕವನ್ನೂ ಏರ್ಪಡಿಸುವುದು, ಹೀಗೆ ಐದು ಜನರ ಕೈಗಳು ಒಂದು ನಾಗರಿಕತೆಯನ್ನು ಮರಳಿ ಕಟ್ಟುತ್ತವೆ. ಚಿತ್ರವು ಕಟ್ಟುವ ಕೆಲಸವನ್ನು ಕೈಬಿಟ್ಟು ತಪ್ಪಿಸಿಕೊಳ್ಳುವ ಕೆಲಸವನ್ನು ಆರಿಸಿಕೊಂಡಿತು. ನೆಮೊ ಇಲ್ಲಿ ಹಸಿವನ್ನು ನೀಗಲು ಪ್ರಾಣಿಗಳನ್ನು ಹಿಗ್ಗಿಸುವ ಪ್ರಯೋಗಶೀಲ. ಉದ್ದೇಶ ಉದಾತ್ತವಾದುದೇ, ಆದರೆ ಹಸಿವಿಗೂ ಸಾಮ್ರಾಜ್ಯಕ್ಕೂ ಇರುವ ನಂಟನ್ನು ಚಿತ್ರ ಕೇಳುವುದಿಲ್ಲ.

5.5. ಮರಳಿ ಬಂದ ಮುಖ: 1973ರ ಯುರೋಪಿನ ರೂಪಾಂತರದಲ್ಲಿ ಈಜಿಪ್ಟಿನ ಒಮರ್ ಷರೀಫ್ ನೆಮೊ ಆದನು. 1975ರ ಸೋವಿಯತ್ ಕಿರುತೆರೆ ಚಿತ್ರವು ನೆಮೊನ ಭಾರತೀಯ ಹಿನ್ನೆಲೆಯನ್ನು ಉಳಿಸಿಕೊಂಡಿತು. 2003ರಲ್ಲಿ ಅಲನ್ ಮೂರ್ ಅವರ ಚಿತ್ರಕಥಾ ಪುಸ್ತಕವನ್ನು ಆಧರಿಸಿದ 'ದ ಲೀಗ್ ಆಫ್ ಎಕ್ಸ್‌ಟ್ರಾಆರ್ಡಿನರಿ ಜಂಟಲ್‌ಮೆನ್' ಚಿತ್ರದಲ್ಲಿ ನಸೀರುದ್ದೀನ್ ಷಾ ಈ ಪಾತ್ರವನ್ನು ವಹಿಸಿದರು. ಹಾಲಿವುಡ್ಡಿನ ನೆಮೊಗೆ ಭಾರತೀಯ ನಟನ ಮುಖ ದೊರೆತದ್ದು ಸಣ್ಣ ಸಂಗತಿಯಲ್ಲ. ಆದರೆ ರುಮಾಲು, ಗಡ್ಡ, ಖಡ್ಗ, ಕಾಳಿಯ ಆರಾಧನೆ ಇವುಗಳಲ್ಲಿಯೇ ಅವನ ಭಾರತೀಯತೆ ಮುಗಿದುಹೋಗುತ್ತದೆ. ದಂಗೆಕೋರನಾಗಿದ್ದ ನೆಮೊ ಬ್ರಿಟಿಷ್ ಸಾಮ್ರಾಜ್ಯದ ಹೆಸರಿನಲ್ಲಿ ಕಲೆಹಾಕಿದ ತಂಡದ ಸದಸ್ಯ. ತಂಡದ ನಾಯಕನಾದರೋ ರೈಡರ್ ಹ್ಯಾಗರ್ಡನ 1885ರ ಕಾದಂಬರಿಯ ಬಿಳಿಯ ಬೇಟೆಗಾರ ಕ್ವಾಟರ್‌ಮೇನ್. ಮುಖ ಬಂದಿತು, ಕಾರಣ ಬರಲಿಲ್ಲ.

2024ರಲ್ಲಿ ತೆರೆಕಂಡ 'ನಾಟಿಲಸ್' ಎಂಬ ಹತ್ತು ಕಂತುಗಳ ಧಾರಾವಾಹಿಯು ಈ ಸರಣಿಯಲ್ಲಿ ಇತ್ತೀಚಿನದು. ಷಜಾದ್ ಲತೀಫ್ ನಟಿಸಿದ ಇಲ್ಲಿನ ನೆಮೊ ಈಸ್ಟ್ ಇಂಡಿಯಾ ಕಂಪನಿಯನ್ನು ಹೋಲುವ ವ್ಯಾಪಾರಿ ಸಂಸ್ಥೆಯೊಂದರ ಸೆರೆಯಾಳು, ರಾಜ್ಯವನ್ನೂ ಕುಟುಂಬವನ್ನೂ ಕಳೆದುಕೊಂಡ ಭಾರತೀಯ ರಾಜಕುಮಾರ. ಎದುರಾಳಿಗೆ ಮತ್ತೆ ಹೆಸರು ಬಂದಿರುವುದು ಗಮನಾರ್ಹ. ಎದುರಾಳಿಯನ್ನು ಹೆಸರಿಸಿದರೆ ಸಾಹಸಕಥೆಯ ರಂಜನೆ ಕೆಡುತ್ತದೆ ಎಂಬ ಹಳೆಯ ಅಳುಕು ಅನಗತ್ಯವಾಗಿತ್ತೆಂಬುದನ್ನು ಇದು ತೋರಿಸುತ್ತದೆ.

6. ಲಾವಣಿಯ ಪಾಠ

ಮೇಲಿನ ರೂಪಾಂತರಗಳಲ್ಲಿ ಬಹು ಪಾಲಿನವು ಸಿಟ್ಟನ್ನು ಉಳಿಸಿಕೊಂಡು ಸಿಟ್ಟಿನ ಕಾರಣವನ್ನು ಬಿಟ್ಟಿವೆ. ಜನಪ್ರಿಯ ಕಲೆಗೆ ಇದು ಅನಿವಾರ್ಯವೇ ಎಂಬ ಪ್ರಶ್ನೆ ಏಳುತ್ತದೆ. ಇದಕ್ಕೆ ಉತ್ತರವನ್ನು ಕನ್ನಡದ ಜನಪ್ರಿಯ ಕಥನ ಪರಂಪರೆಯಲ್ಲಿಯೇ ಹುಡುಕಬಹುದು. ನೆಮೊ ಕಲ್ಪಿತ ದಂಗೆಕೋರ. ಅವನ ಕಾಲದಲ್ಲಿಯೇ ಉತ್ತರ ಕರ್ನಾಟಕದಲ್ಲಿ ನಿಜವಾದ ದಂಗೆಗಳು ನಡೆದವು. 1857ರಲ್ಲಿ ಮುಧೋಳದ ಬಳಿಯ ಹಲಗಲಿಯ ಬೇಡರು, 1858ರಲ್ಲಿ ನರಗುಂದದ ಬಾಬಾಸಾಹೇಬ ಮತ್ತು ಮುಂಡರಗಿಯ ಭೀಮರಾಯ ಕಂಪನಿಯ ವಿರುದ್ಧ ಎದ್ದು ಸೋತರು. ಜೆ.ಎಫ್. ಫ್ಲೀಟ್ ಸಂಗ್ರಹಿಸಿ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಪ್ರಕಟಿಸಿದ ಲಾವಣಿಗಳಲ್ಲಿ ಹಲಗಲಿಯ ದಂಗೆಯ ಲಾವಣಿಯೂ ಸೇರಿದೆ.

ಈ ಲಾವಣಿಯು ರಂಜನೆಯನ್ನು ಬಿಟ್ಟುಕೊಡುವುದಿಲ್ಲ. ಕುದುರೆ, ಗುಂಡು, ಬೆಂಕಿ, ವೀರಾಲಾಪ ಎಲ್ಲವೂ ಅದರಲ್ಲಿವೆ. ಆದರೆ ಅದರ ಕಥನ ಮೊದಲಾಗುವುದು ಕಾಳಗದಿಂದಲ್ಲ, ಜನರ ಆಯುಧಗಳನ್ನು ಕಸಿಯುವ ಸರಕಾರದ ಹುಕುಮಿನಿಂದ. ಮೊದಲು ಕಾರಣ, ಅನಂತರ ಕಾಳಗ ಎಂಬುದು ಲಾವಣಿಕಾರನ ಕ್ರಮ. ಕೇಳುಗನು ಬೇಡರ ಪರವಾಗಿ ನಿಲ್ಲುವುದು ಅವರ ಶೌರ್ಯಕ್ಕೆ ಮರುಳಾಗಿ ಮಾತ್ರವಲ್ಲ, ಅವರಿಗೆ ಆದ ಅನ್ಯಾಯವನ್ನು ತಿಳಿದು. ಡಪ್ಪು ತುಂತುಣಿಗಳಷ್ಟೇ ಸಾಧನವಾಗಿದ್ದ ಕಲಾವಿದನಿಗೆ ಸಾಧ್ಯವಾದುದು ಕೋಟ್ಯಂತರ ಡಾಲರುಗಳ ಚಿತ್ರೋದ್ಯಮಕ್ಕೆ ಸಾಧ್ಯವಾಗದಿದ್ದುದಕ್ಕೆ ಮಾಧ್ಯಮದ ಮಿತಿ ಕಾರಣವಲ್ಲ. ಲಾವಣಿಕಾರನು ಸೋತವರ ನಡುವೆ ನಿಂತು ಹಾಡಿದನು. ಹಾಲಿವುಡ್ಡಿನ ಚಿತ್ರಗಳು ಸೋಲಿನ ನೆನಪಿಲ್ಲದ ಪ್ರೇಕ್ಷಕರನ್ನು ಕಣ್ಣಮುಂದಿಟ್ಟುಕೊಂಡವು.

ಇಷ್ಟಾದರೂ ಮೂಲ ಕಾದಂಬರಿಯನ್ನು ನಿರ್ದೋಷವೆಂದು ಭಾವಿಸುವಂತಿಲ್ಲ. ನೆಮೊನ ಕಥೆಯನ್ನು ಕೇಳಿದ ಸೈರಸ್ ಸ್ಮಿತ್, ಗತಕಾಲವನ್ನು ಮರಳಿ ತರಬಹುದೆಂದು ನಂಬಿದ್ದೂ ಅನಿವಾರ್ಯ ಪ್ರಗತಿಯ ವಿರುದ್ಧ ಹೋರಾಡಿದ್ದೂ ಅವನ ತಪ್ಪೆಂಬ ತೀರ್ಪನ್ನು ನೀಡುತ್ತಾನೆ. ವಸಾಹತುಶಾಹಿಯನ್ನು ಪ್ರಗತಿಯೆಂದು ಕಾಣುವ 19ನೆಯ ಶತಮಾನದ ಯುರೋಪಿನ ದೃಷ್ಟಿ ಇಲ್ಲಿದೆ. ಆದರೆ ಕಾದಂಬರಿಯಲ್ಲಿ ಆರೋಪಿಯ ಹೇಳಿಕೆಯೂ ತೀರ್ಪೂ ಎರಡೂ ದಾಖಲಾಗಿರುವುದರಿಂದ ಓದುಗನು ತೀರ್ಪನ್ನು ಪ್ರಶ್ನಿಸಬಹುದು. ಚಿತ್ರಗಳು ಹೇಳಿಕೆಯನ್ನೇ ತೆಗೆದುಹಾಕಿದುದರಿಂದ ಪ್ರಶ್ನಿಸಲು ಏನೂ ಉಳಿಯಲಿಲ್ಲ. ಅವುಗಳ ನಿಜವಾದ ವೈಫಲ್ಯವನ್ನು ಇಲ್ಲಿ ಗುರುತಿಸಬೇಕು.

7. ಸಮಾರೋಪ

ಒಟ್ಟಾರೆಯಾಗಿ, ರೂಪಾಂತರವನ್ನು ಮೂಲನಿಷ್ಠೆಯ ಮಾನದಂಡದಿಂದ ಮಾತ್ರ ಅಳೆದರೆ ನೆಮೊ ಚಿತ್ರಗಳ ಬಗೆಗಿನ ಚರ್ಚೆ ಏಡಿ, ಜೇನ್ನೊಣಗಳ ಎಣಿಕೆಯಲ್ಲಿ ಮುಗಿದುಹೋಗುತ್ತದೆ. ಪಾತ್ರದ ವರ್ತನೆಗೆ ಕಾರಣವಾದ ಚರಿತ್ರೆ ಏನಾಯಿತು ಎಂದು ಕೇಳಿದಾಗ ಮಾತ್ರ ಪ್ರಕಾಶಕ, ಅನುವಾದಕ, ನಿರ್ಮಾಪಕ ಮೂವರೂ ಒಂದೇ ಸಾಲಿನಲ್ಲಿ ಕಾಣಿಸುತ್ತಾರೆ. ಪೋಲೆಂಡಿನವನು ಯಾರೂ ಅಲ್ಲದವನಾಗಿ, ಭಾರತೀಯನಾಗಿ, ಹೆಟ್ವಿಯಾದ ಕೌಂಟನಾಗಿ, ನಾಡಿಲ್ಲದ ವಿಜ್ಞಾನಿಯಾಗಿ, ಮತ್ತೆ ಭಾರತೀಯನಾಗಿ ಬಂದಿರುವ ಈ ದಾರಿಯು ರೂಪಾಂತರದ ರಾಜಕಾರಣಕ್ಕೆ ಒಂದು ಸ್ಪಷ್ಟ ನಿದರ್ಶನ.

ಕನ್ನಡದ ಅಧ್ಯಯನಕ್ಕೆ ಇದರಿಂದ ಎರಡು ಕಾರ್ಯಗಳು ಒದಗುತ್ತವೆ. ವರ್ನನ ಕೃತಿಗಳನ್ನು ಕನ್ನಡಕ್ಕೆ ತರುವವರು ಹಳೆಯ ಇಂಗ್ಲಿಷ್ ಆವೃತ್ತಿಗಳನ್ನು ಬಿಟ್ಟು ಫ್ರೆಂಚ್ ಮೂಲವನ್ನೋ ಅದನ್ನು ಪೂರ್ಣವಾಗಿ ಅನುಸರಿಸಿದ ಹೊಸ ಅನುವಾದಗಳನ್ನೋ ಆಧರಿಸುವುದು ಮೊದಲನೆಯದು. ಹಲಗಲಿಯ ಲಾವಣಿಯನ್ನು ತರಗತಿಯಲ್ಲಿ ಪಾಠ ಮಾಡುವಾಗ 'ರಹಸ್ಯ ದ್ವೀಪ'ದ ನೆಮೊನ ಆತ್ಮಕಥನವನ್ನು ಅದರ ಪಕ್ಕದಲ್ಲಿಟ್ಟು ಓದುವುದು ಎರಡನೆಯದು. ಸವಣೂರು, ಶಿಗ್ಗಾಂವಿ, ಹಾನಗಲ್ಲ, ಹಿರೇಕೆರೂರುಗಳ ವಿದ್ಯಾರ್ಥಿಗೆ ಟಿಪ್ಪುವಿನ ಬೀಗತನ ದೂರದ ಕಥೆಯಲ್ಲ. ಅದು ತನ್ನ ನೆಲದ ಚರಿತ್ರೆ. ಜಗತ್ಪ್ರಸಿದ್ಧ ಸಾಹಸ ಕಾದಂಬರಿಯೊಂದರ ನಾಯಕನನ್ನು 'ಸೋದರಳಿಯ' ಎಂಬ ಕನ್ನಡ ಪದದಿಂದ ಕರೆದಾಗ, ತೆರೆಯ ಮೇಲೆ ಕಳೆದುಹೋದ ಪ್ರಶ್ನೆ ಮತ್ತೆ ಎದುರಿಗೆ ನಿಲ್ಲುತ್ತದೆ: ಇವನು ಯಾರ ಮನೆಯವನು, ಇವನಿಗೆ ಈ ಸಿಟ್ಟು ಬಂದುದು ಏತಕ್ಕೆ?